ಅಂಕಿ ನೋಡಿದರು, ಆಮೇಲೆ ಅಜ್ಜಿಯ ಮುಖ ನೋಡಿದರು

ಮಕ್ಕಳೇ, ಒಂದು ಸನ್ನಿವೇಶವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಜನವರಿ ತಿಂಗಳ ಒಂದು ಬೆಳಿಗ್ಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಪ್ರಾಂಗಣದ ತುಂಬ ಕೆಂಪು ರಾಶಿಗಳು. ಗಾಳಿಯಲ್ಲಿ ಘಾಟು. ದಾರಿಯಲ್ಲಿ ಹೋಗುವವರಿಗೂ ಸೀನು, ಕೆಮ್ಮು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬ ಅಜ್ಜಿಗೆ ಎರಡು ದಿನಗಳಿಂದ ಕೆಮ್ಮು. ಮೊಮ್ಮಗಳ ಕೈ ಹಿಡಿದುಕೊಂಡು ದವಾಖಾನೆಗೆ ಬಂದಿದ್ದಾರೆ. ಸಿಸ್ಟರ್ ಅಜ್ಜಿಯ ಬೆರಳಿಗೆ ಒಂದು ಪುಟ್ಟ ಕ್ಲಿಪ್ ಹಾಕಿದರು. ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆಯೇ ಇದೆ. ಒಳಗೆ ಮಾತ್ರ ಕೆಂಪು ಬೆಳಕು. ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ಅಂಕಿ ಮೂಡಿತು: 84.

ಮೊಮ್ಮಗಳು ಗಾಬರಿಯಾದಳು. ಈ ಅಂಕಿ 94ಕ್ಕಿಂತ ಕೆಳಗೆ ಬಂದರೆ ಎಚ್ಚರ ಎಂದು ಕೊರೊನಾ ಕಾಲದಲ್ಲಿ ಮನೆಯವರು ಹೇಳುತ್ತಿದ್ದುದು ಅವಳಿಗೆ ಗೊತ್ತಿತ್ತು.

“ಏನಾಗೈತವ್ವಾ ನನಗ?” ಎಂದರು ಅಜ್ಜಿ.

ಸಿಸ್ಟರ್ ಗಾಬರಿಯಾಗಲಿಲ್ಲ. ಅಂಕಿಯಿಂದ ಕಣ್ಣು ತೆಗೆದು ಅಜ್ಜಿಯ ಮುಖ ನೋಡಿದರು. ತುಟಿ ನೀಲಿಯಾಗಿಲ್ಲ. ಮಾತಿನ ನಡುವೆ ಉಸಿರು ಕಟ್ಟುತ್ತಿಲ್ಲ. ಗಡಿಯಾರ ಹಿಡಿದು ಅಜ್ಜಿಯ ಎದೆ ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿದರು. ಆಮೇಲೆ ಕೈ ಮುಟ್ಟಿ ನೋಡಿ ಹೇಳಿದರು: “ಅಜ್ಜಿ, ಕೈ ಎಷ್ಟು ತಣ್ಣಗಾಗ್ಯಾವ ನೋಡ್ರಿ. ಉಗುರಿಗೆ ಗೋರಂಟಿನೂ ಕಪ್ಪಗ ಹತ್ತೈತಿ. ಎರಡೂ ಕೈ ಸ್ವಲ್ಪ ತಿಕ್ಕೋರಿ, ಆ ಕೈ ಬೆರಳಿಗೆ ಹಾಕಿ ನೋಡೂಣು.”

ಗೋರಂಟಿ ಇಲ್ಲದ ಇನ್ನೊಂದು ಕೈಯ ಬೆರಳು ಬೆಚ್ಚಗಾದ ಮೇಲೆ ಕ್ಲಿಪ್ ಹಾಕಿದರು. ಈಗ ಬಂದ ಅಂಕಿ 96.

ಒಂದೇ ಯಂತ್ರ, ಒಬ್ಬರೇ ಅಜ್ಜಿ. ಐದು ನಿಮಿಷದೊಳಗೆ ಎರಡು ಅಂಕಿ! ಯಂತ್ರ ಕೆಟ್ಟಿತ್ತೆ? ಇಲ್ಲ. ಹಾಗಾದರೆ ಏನಾಯಿತು? ಬನ್ನಿ, ತಿಳಿಯೋಣ.

ಎಣಿಸುವುದು ದಾದಿಯರಿಗೆ ಹೊಸದಲ್ಲ

ದಾದಿ ಅಥವಾ ನರ್ಸ್ ಎಂದರೆ ಸೂಜಿ ಚುಚ್ಚುವವರು ಎಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಅದು ಅವರ ಕೆಲಸದ ಒಂದು ಚಿಕ್ಕ ಭಾಗ ಮಾತ್ರ. ರೋಗಿಯನ್ನು ಗಮನಿಸುವುದು, ಗಮನಿಸಿದ್ದನ್ನು ಬರೆದಿಡುವುದು, ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸುವುದು ಅವರ ಮುಖ್ಯ ಕೆಲಸ. ವೈದ್ಯರು ಬಂದು ನೋಡಿ ಹೋಗುತ್ತಾರೆ. ಹಗಲು ರಾತ್ರಿ ಹತ್ತಿರ ಇರುವವರು ದಾದಿಯರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರನ್ನು ನೀವು ಕೇಳಿರಬಹುದು. ರಾತ್ರಿ ದೀಪ ಹಿಡಿದು ಸೈನಿಕರನ್ನು ನೋಡಿಕೊಂಡವರು ಎಂದು ಪಾಠದಲ್ಲಿ ಓದುತ್ತೇವೆ. ಅವರು ದೀಪದ ಜೊತೆಗೆ ಲೆಕ್ಕವನ್ನೂ ಹಿಡಿದಿದ್ದರು. ಎಷ್ಟು ಸೈನಿಕರು ಗಾಯದಿಂದ ಸತ್ತರು, ಎಷ್ಟು ಮಂದಿ ರೋಗದಿಂದ ಸತ್ತರು ಎಂಬ ಲೆಕ್ಕವನ್ನು 1858ರಲ್ಲಿ ಬಣ್ಣದ ಚಿತ್ರಗಳಲ್ಲಿ ತೋರಿಸಿದರು. ಗುಂಡೇಟಿಗಿಂತ ಕೊಳಕು ಹಾಗೂ ಸೋಂಕಿನಿಂದ ಸತ್ತವರೇ ಹೆಚ್ಚು ಎಂಬುದು ಆ ಚಿತ್ರ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಅವರು ಹುಟ್ಟಿದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ.

ಅಂದರೆ ಅಂಕಿಗಳೊಡನೆ ದಾದಿಯರ ಸಂಬಂಧ ಹಳೆಯದು. ಆ ಅಂಕಿಗಳು ಬರುವ ದಾರಿ ಮಾತ್ರ ಈಗ ಬದಲಾಗಿದೆ.

ಡಿಜಿಟಲ್ ಎಂದರೇನು?

‘ಡಿಜಿಟಲ್’ ಎಂಬ ಮಾತು ಲ್ಯಾಟಿನ್ ಭಾಷೆಯ ‘ಡಿಜಿಟಸ್’ ಎಂಬ ಪದದಿಂದ ಬಂದಿದೆ. ಅದರ ಅರ್ಥ ಬೆರಳು! ಜನ ಬೆರಳು ಮಡಿಸಿ ಎಣಿಸುತ್ತಿದ್ದರಲ್ಲವೆ? ಹಾಗಾಗಿ ಬೆರಳಿನ ಹೆಸರೇ ಅಂಕಿಗೂ ಬಂತು. ಯಾವ ಯಂತ್ರ ತಾನು ಅಳೆದುದನ್ನು ಅಂಕಿಗಳಾಗಿ ಮಾರ್ಪಡಿಸಿ ಕೆಲಸ ಮಾಡುತ್ತದೆಯೋ ಅದು ಡಿಜಿಟಲ್ ಯಂತ್ರ.

ಒಂದು ಉದಾಹರಣೆ ನೋಡೋಣ. ಹಳೆಯ ಥರ್ಮಾಮೀಟರಿನಲ್ಲಿ ಗಾಜಿನ ಕೊಳವೆಯೊಳಗೆ ಪಾದರಸ ಇರುತ್ತಿತ್ತು. ಮೈಯ ಬಿಸಿಗೆ ಪಾದರಸ ಹಿಗ್ಗಿ ಮೇಲೇರುತ್ತಿತ್ತು. ಅದು ಎಲ್ಲಿ ನಿಂತಿದೆ ಎಂದು ಕಣ್ಣು ಕಿರಿದು ಮಾಡಿ ಓದಬೇಕಿತ್ತು. ಪಾದರಸ ಇಳಿಜಾರಿನಲ್ಲಿ ಸಾಗುವ ಬಂಡಿಯಂತೆ. ಎಲ್ಲಿ ಬೇಕಾದರೂ ನಿಲ್ಲಬಹುದು. ಡಿಜಿಟಲ್ ಥರ್ಮಾಮೀಟರ್ ಮೆಟ್ಟಿಲು ಹತ್ತುವವರಂತೆ. 98.6 ಆದ ಮೇಲೆ 98.7. ನಡುವೆ ಬೇರೆ ಅಂಕಿ ಇಲ್ಲ.

ಡಿಜಿಟಲ್ ಥರ್ಮಾಮೀಟರಿನ ತುದಿಯಲ್ಲಿ ಥರ್ಮಿಸ್ಟರ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಬಿಸಿ ಹೆಚ್ಚು ಕಡಿಮೆಯಾದಂತೆ ಅದರ ಮೂಲಕ ವಿದ್ಯುತ್ ಹರಿಯುವ ಪ್ರಮಾಣವೂ ಬದಲಾಗುತ್ತದೆ. ಒಳಗಿನ ಚಿಪ್ ಆ ಬದಲಾವಣೆಯನ್ನು ಲೆಕ್ಕ ಹಾಕಿ ಅಂಕಿಯಾಗಿ ತೋರಿಸುತ್ತದೆ. ಬಹುತೇಕ ಎಲ್ಲ ಡಿಜಿಟಲ್ ವೈದ್ಯಕೀಯ ಯಂತ್ರಗಳ ಕೆಲಸವೂ ಈ ಮೂರು ಹಂತಗಳಲ್ಲಿಯೇ ನಡೆಯುತ್ತದೆ. ಮೊದಲು ಸಂವೇದಕ, ಅಂದರೆ ಮೈಯಿಂದ ಸುದ್ದಿ ಹಿಡಿಯುವ ಭಾಗ. ಆಮೇಲೆ ಲೆಕ್ಕ ಹಾಕುವ ಭಾಗ. ಕೊನೆಗೆ ಅಂಕಿ ತೋರಿಸುವ ಪರದೆ. ಇದನ್ನು ನೆನಪಿಡಿ. ಸಂವೇದಕಕ್ಕೆ ತಪ್ಪು ಸುದ್ದಿ ಸಿಕ್ಕರೆ ಲೆಕ್ಕ ಎಷ್ಟು ಸರಿಯಾಗಿದ್ದರೂ ಪರದೆಯ ಅಂಕಿ ತಪ್ಪಾಗುತ್ತದೆ.

ಪಾದರಸ ವಿಷಕಾರಿ. ಥರ್ಮಾಮೀಟರ್ ಒಡೆದರೆ ಅದು ಮಣ್ಣು, ನೀರು ಸೇರುತ್ತದೆ. ಇದನ್ನು ತಡೆಯಲು 2013ರಲ್ಲಿ ಹಲವು ದೇಶಗಳು ಮಿನಮಾಟಾ ಒಪ್ಪಂದ ಮಾಡಿಕೊಂಡವು. 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಆಸ್ಪತ್ರೆಗಳಲ್ಲಿ ಪಾದರಸದ ಉಪಕರಣಗಳು ಮೂಲೆ ಸೇರುತ್ತಿರುವುದಕ್ಕೆ ಇದೂ ಒಂದು ಕಾರಣ.

ಮೆಣಸಿನಕಾಯಿ ಮತ್ತು ಕೆಂಪು ಬೆಳಕು

ಈಗ ಅಜ್ಜಿಯ ಬೆರಳಿನ ಕ್ಲಿಪ್ಪಿಗೆ ಬರೋಣ. ಅದರ ಹೆಸರು ಪಲ್ಸ್ ಆಕ್ಸಿಮೀಟರ್. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಹೇಳುತ್ತದೆ. ಸೂಜಿ ಚುಚ್ಚದೆ, ಒಂದು ಹನಿ ರಕ್ತವನ್ನೂ ತೆಗೆಯದೆ ಹೇಗೆ ಹೇಳುತ್ತದೆ? ಬಣ್ಣ ನೋಡಿ!

ಬಣ್ಣ ನೋಡುವುದರಲ್ಲಿ ಬ್ಯಾಡಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದೇ ಕಡಿಮೆ ಖಾರಕ್ಕೆ ಮತ್ತು ಕಡುಕೆಂಪು ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಮೆಣಸಿನಕಾಯಿ ಕೆಂಪಾಗಿ ಕಾಣುವುದೇಕೆ? ಬಿಸಿಲಿನಲ್ಲಿರುವ ನೀಲಿ, ಹಸಿರು ಬೆಳಕನ್ನು ಅದು ಹೀರಿಕೊಂಡು ಕೆಂಪು ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಪ್ರಯೋಗಾಲಯದಲ್ಲಿ ಅದರ ಬಣ್ಣದ ಗುಣಮಟ್ಟ ಅಳೆಯುವಾಗಲೂ ಹೀಗೆಯೇ ಮಾಡುತ್ತಾರೆ. ಮೆಣಸಿನಕಾಯಿಯ ಬಣ್ಣವನ್ನು ದ್ರವದಲ್ಲಿ ಇಳಿಸಿ, ಅದರ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಹೋಯಿತು ಎಂದು ಯಂತ್ರದಿಂದ ಅಳೆಯುತ್ತಾರೆ.

ನಮ್ಮ ರಕ್ತದ ಕೆಂಪು ಬಣ್ಣಕ್ಕೆ ಹಿಮೋಗ್ಲೋಬಿನ್ ಕಾರಣ. ಅದು ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹೊಳೆಯುವ ಕೆಂಪು. ಆಮ್ಲಜನಕ ಇಳಿಸಿದ ಮೇಲೆ ಅದು ಕಪ್ಪುಗೆಂಪು. ಕಪ್ಪುಗೆಂಪು ರಕ್ತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಹೊಳೆಯುವ ಕೆಂಪು ರಕ್ತ ಕಡಿಮೆ ಹೀರಿ, ಹೆಚ್ಚು ಬೆಳಕನ್ನು ಆಚೆಗೆ ಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಎಂಬ ಇನ್ನೊಂದು ಬೆಳಕಿದೆ. ಅದರ ವಿಷಯದಲ್ಲಿ ಇದು ತಿರುಗುಮುರುಗು.

ಕ್ಲಿಪ್ಪಿನ ಮೇಲಿನ ಹಲ್ಲೆಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು ಕೆಂಪು, ಇನ್ನೊಂದು ಅವಗೆಂಪು. ಅವು ಕಣ್ಣಿಗೆ ತಿಳಿಯದಷ್ಟು ಬೇಗ ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಕೆಳಗಿನ ಹಲ್ಲೆಯಲ್ಲಿರುವ ಸಂವೇದಕ, ಬೆರಳನ್ನು ದಾಟಿ ಬಂದ ಬೆಳಕು ಎಷ್ಟು ಎಂದು ಅಳೆಯುತ್ತದೆ. ಎರಡನ್ನೂ ಹೋಲಿಸಿ ಚಿಪ್ ಲೆಕ್ಕ ಹಾಕುತ್ತದೆ. ಅಂಕಿ 96 ಎಂದರೆ ನೂರರಲ್ಲಿ 96 ಪಾಲು ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿದೆ ಎಂದರ್ಥ. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಇದು 95ರಿಂದ 100ರ ನಡುವೆ ಇರುತ್ತದೆ.

ಇಲ್ಲೊಂದು ಪ್ರಶ್ನೆ ನಿಮಗೆ ಬರಬೇಕು. ಬೆರಳಿನಲ್ಲಿ ರಕ್ತವಷ್ಟೇ ಇದೆಯೆ? ಚರ್ಮ, ಮಾಂಸ, ಮೂಳೆ ಎಲ್ಲವೂ ಬೆಳಕು ಹೀರುತ್ತವಲ್ಲ! ಈ ಕಗ್ಗಂಟನ್ನು ಬಿಡಿಸಿದವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ಅವರು ಬೇರೊಂದು ಅಳತೆಗಾಗಿ ಕಿವಿಯ ಮೂಲಕ ಬೆಳಕು ಹಾಯಿಸುತ್ತಿದ್ದರು. ನಾಡಿ ಬಡಿದಾಗಲೆಲ್ಲ ಬೆಳಕಿನ ಅಳತೆ ಏರುಪೇರಾಗಿ ಅವರಿಗೆ ಕಾಟ ಕೊಡುತ್ತಿತ್ತು. ಈ ಕಾಟವನ್ನೇ ಅವರು ಉಪಯೋಗಿಸಿಕೊಂಡರು. ಚರ್ಮ, ಮೂಳೆ ಹೀರುವ ಬೆಳಕು ಬದಲಾಗುವುದಿಲ್ಲ. ನಾಡಿ ಬಡಿದಾಗ ಬದಲಾಗುವುದು ಅಪಧಮನಿಯ ರಕ್ತ ಹೀರುವ ಬೆಳಕು ಮಾತ್ರ. ಹಾಗಾದರೆ ಬದಲಾಗುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರಾಯಿತು! 1974ರಲ್ಲಿ ಅವರು ಈ ವಿಚಾರವನ್ನು ಜಪಾನಿನಲ್ಲಿ ಮಂಡಿಸಿದರು. ಕೊರೊನಾ ರೋಗಿಗಳ ಬೆರಳಿಗೆ ಜಗತ್ತಿನ ಎಲ್ಲೆಡೆ ಈ ಕ್ಲಿಪ್ ಹಾಕುತ್ತಿದ್ದ 2020ರ ಏಪ್ರಿಲ್ ತಿಂಗಳಲ್ಲಿಯೇ ಅವರು ತೀರಿಕೊಂಡರು.

84 ಏಕೆ ಬಂತು?

ಈಗ ಅಜ್ಜಿಯ ಒಗಟು ಬಿಡಿಸುವುದು ಸುಲಭ. ಚಳಿಗೆ ಬೆರಳಿನ ರಕ್ತನಾಳಗಳು ಕುಗ್ಗುತ್ತವೆ. ಆಗ ಬೆರಳ ತುದಿಗೆ ಹರಿಯುವ ರಕ್ತ ಕಡಿಮೆ. ನಾಡಿಯ ಬಡಿತ ಸಂವೇದಕಕ್ಕೆ ಸರಿಯಾಗಿ ಸಿಗುವುದಿಲ್ಲ. ಉಗುರಿಗೆ ಹಚ್ಚಿದ ಗಾಢ ಬಣ್ಣ, ಕಪ್ಪಾಗಿ ಹತ್ತಿದ ಗೋರಂಟಿ ಕೂಡ ದಾರಿಯಲ್ಲೇ ಬೆಳಕನ್ನು ಹೀರಿಕೊಳ್ಳಬಹುದು. ಕೈ ಅಲುಗಾಡಿದರೂ ಅಂಕಿ ತಪ್ಪುತ್ತದೆ. ಅದಕ್ಕೇ ಸಿಸ್ಟರ್ ಕೈ ತಿಕ್ಕಿಸಿ, ಬೆರಳು ಬದಲಿಸಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾದರು. ನಂಬುವ ಮೊದಲು ಇನ್ನೊಮ್ಮೆ ಅಳೆದರು. ಇದು ವಿಜ್ಞಾನಿಗಳ ರೂಢಿಯೂ ಹೌದು.

ಇದರ ತಿರುಗುಮುರುಗು ಸಂಗತಿಯೂ ಉಂಟು. ಆಮ್ಲಜನಕ ನಿಜವಾಗಿ ಕಡಿಮೆಯಿದ್ದರೂ ಯಂತ್ರ ಹೆಚ್ಚು ತೋರಿಸಬಹುದು. ಕಪ್ಪು ಚರ್ಮದ ರೋಗಿಗಳಲ್ಲಿ ಹೀಗಾಗುವುದು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದಿಂದ ಎಲ್ಲರ ಗಮನಕ್ಕೆ ಬಂತು. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದಲ್ಲವೆ? ಯಂತ್ರಗಳನ್ನು ಎಲ್ಲ ಬಣ್ಣದ ಜನರ ಮೇಲೂ ಪರೀಕ್ಷಿಸಬೇಕು ಎಂಬ ಪಾಠವನ್ನು ಇದು ಕಲಿಸಿತು.

ಇನ್ನೊಂದು ಸಂಗತಿ. ಪುಟ್ಟ ಮಗುವಿಗೆ ನ್ಯುಮೋನಿಯಾ ಆರಂಭವಾದಾಗ ಕ್ಲಿಪ್ಪಿನ ಅಂಕಿ ಚೆನ್ನಾಗಿಯೇ ಇರಬಹುದು. ಆದರೆ ಮಗು ಬೇಗ ಬೇಗ ಉಸಿರಾಡುತ್ತಿರುತ್ತದೆ. ಒಂದರಿಂದ ಐದು ವರ್ಷದೊಳಗಿನ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ಎಚ್ಚರಿಕೆಯ ಲಕ್ಷಣ. ಇದನ್ನು ಕಂಡುಹಿಡಿಯಲು ದಾದಿಗೆ ಬೇಕಾದದ್ದು ಒಂದು ಗಡಿಯಾರ, ಎರಡು ಕಣ್ಣು, ಒಂದು ನಿಮಿಷದ ತಾಳ್ಮೆ.

ತೋಳಿಗೆ ಕಟ್ಟುವ ಪಟ್ಟಿ

ರಕ್ತದೊತ್ತಡ ಅಳೆಯುವುದನ್ನು ನೀವು ನೋಡಿರುತ್ತೀರಿ. ಜನ ಇದನ್ನು ‘ಬಿಪಿ ನೋಡುವುದು’ ಎನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ಒತ್ತಡ ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯರು ರೂಪಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ವೈದ್ಯರು, ಪಟ್ಟಿಯ ಗಾಳಿ ಬಿಡುವಾಗ ಸ್ಟೆಥಾಸ್ಕೋಪಿನಲ್ಲಿ ಕೇಳುವ ‘ಟಪ್ ಟಪ್’ ಸದ್ದಿನಿಂದ ಎರಡು ಅಂಕಿಗಳನ್ನು ಕಂಡುಕೊಳ್ಳಬಹುದು ಎಂದು ತೋರಿಸಿದರು.

ಡಿಜಿಟಲ್ ಯಂತ್ರಕ್ಕೆ ಸ್ಟೆಥಾಸ್ಕೋಪ್ ಬೇಡ. ರಕ್ತ ಹರಿಯುವಾಗ ಪಟ್ಟಿಯೊಳಗಿನ ಗಾಳಿಯಲ್ಲಿ ಸಣ್ಣ ಅದುರು ಉಂಟಾಗುತ್ತದೆ. ಗಾಳಿ ಇಳಿಯುತ್ತ ಹೋದಂತೆ ಈ ಅದುರು ಮೊದಲು ಹೆಚ್ಚುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಈ ಏರಿಳಿತದಿಂದ ಯಂತ್ರ ಒತ್ತಡವನ್ನು ಲೆಕ್ಕ ಹಾಕುತ್ತದೆ. ಆದರೆ ಓಡಿ ಬಂದು ಕೂತ ಕೂಡಲೇ ಅಳೆದರೆ, ಅಳೆಯುವಾಗ ಮಾತನಾಡಿದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಹೆಚ್ಚು ಬರುತ್ತದೆ. “ಐದು ನಿಮಿಷ ಸುಮ್ನ ಕುಂದರ್ರಿ, ಮಾತಾಡಬ್ಯಾಡ್ರಿ” ಎಂದು ಸಿಸ್ಟರ್ ಹೇಳುವುದು ಇದಕ್ಕೇ.

ಔಷಧಿ ಪೆಟ್ಟಿಗೆಯ ಕಾವಲು

ಡಿಜಿಟಲ್ ಯಂತ್ರಗಳು ಮೈಯನ್ನು ಮಾತ್ರ ಅಳೆಯುವುದಿಲ್ಲ. ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಆರೋಗ್ಯ ಕೇಂದ್ರದ ಶೀತಕದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಹೆಚ್ಚು ಬಿಸಿಯಾದರೆ ಲಸಿಕೆಯ ಶಕ್ತಿ ಹೋಗುತ್ತದೆ. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. 2015ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಇ-ವಿನ್ ವ್ಯವಸ್ಥೆಯಲ್ಲಿ ಶೀತಕದೊಳಗೆ ಒಂದು ಸಂವೇದಕ ಇರುತ್ತದೆ. ಉಷ್ಣತೆ ಮಿತಿ ದಾಟಿದರೆ ಅದು ಮೊಬೈಲ್ ಜಾಲದ ಮೂಲಕ ಎಚ್ಚರಿಕೆ ಕಳಿಸುತ್ತದೆ.

ಇಷ್ಟಾದರೂ ದಿನಕ್ಕೆ ಎರಡು ಬಾರಿ ಉಷ್ಣತೆ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಉಳಿದಿದೆ. ಲಸಿಕೆ ಹೆಪ್ಪುಗಟ್ಟಿತ್ತೇ ಎಂಬ ಅನುಮಾನ ಬಂದರೆ ಸೀಸೆಯನ್ನು ಕುಲುಕಿ, ಒಳಗೆ ಗಸಿ ಎಷ್ಟು ಬೇಗ ಕೆಳಗಿಳಿಯುತ್ತದೆ ಎಂದು ಕಣ್ಣಾರೆ ನೋಡುತ್ತಾರೆ. ಯಂತ್ರದ ಕಾವಲಿಗೆ ಮನುಷ್ಯರ ಕಾವಲು ಜೊತೆಗಾರ.

ರಿಜಿಸ್ಟರಿನಿಂದ ಟ್ಯಾಬ್ಲೆಟ್ಟಿಗೆ

ಹಳ್ಳಿಗೆ ಬರುವ ‘ನರ್ಸಮ್ಮ’ನನ್ನು ನೀವು ಬಲ್ಲಿರಿ. ಈಗ ಅವರ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹಿಂದೆ ಅವರ ಚೀಲದಲ್ಲಿ ದಪ್ಪ ದಪ್ಪ ರಿಜಿಸ್ಟರುಗಳಿರುತ್ತಿದ್ದವು. ಯಾವ ತಾಯಿ ಗರ್ಭಿಣಿ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದೆಲ್ಲ ಅದರಲ್ಲಿ. ಒಂದು ಹೆಸರು ಹುಡುಕಲು ಹತ್ತು ಪುಟ ತಿರುವಬೇಕಿತ್ತು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಸೊಸೆ ಹೆರಿಗೆಗೆ ರಾಣೆಬೆನ್ನೂರಿನ ತವರಿಗೆ ಹೋದಳೆನ್ನಿ. ರಿಜಿಸ್ಟರ್ ಕಾಗಿನೆಲೆಯಲ್ಲೇ ಉಳಿಯುತ್ತಿತ್ತು!

2009ರಲ್ಲಿ ದೇಶದಲ್ಲಿ ತಾಯಿ ಮತ್ತು ಮಗುವಿನ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಬಂತು. 2016ರಲ್ಲಿ ಅನ್ಮೋಲ್ ಎಂಬ ಆ್ಯಪ್ ಬಂತು. ಮನೆ ಬಾಗಿಲಲ್ಲೇ ನಿಂತು ಟ್ಯಾಬ್ಲೆಟ್ಟಿನಲ್ಲಿ ವಿವರ ತುಂಬಲು ಅದನ್ನು ರೂಪಿಸಲಾಗಿದೆ. ನೆಟ್‌ವರ್ಕ್ ಇಲ್ಲದ ಕಡೆ ತುಂಬಿಟ್ಟು, ನೆಟ್‌ವರ್ಕ್ ಸಿಕ್ಕ ಮೇಲೆ ಕಳಿಸಬಹುದು. 2021ರ ಜನವರಿ 16ರಂದು ಕೊರೊನಾ ಲಸಿಕೆ ಆರಂಭವಾದಾಗ ಕೋವಿನ್ ಬಳಕೆಗೆ ಬಂತು. ಮಕ್ಕಳ ಲಸಿಕೆಗಾಗಿ ಅದೇ ಬಗೆಯ ಯು-ವಿನ್ ಪ್ರಯೋಗ 2023ರಲ್ಲಿ ಶುರುವಾಯಿತು. ಇಂಥ ದಾಖಲೆ ಇದ್ದರೆ ತಾಯಿ ಯಾವ ಊರಿಗೆ ಹೋದರೂ ಅವಳ ವಿವರ ಅಲ್ಲಿನ ಸಿಸ್ಟರಿಗೆ ಸಿಗುತ್ತದೆ.

ಆದರೆ ಇಲ್ಲೂ ಎಚ್ಚರ ಬೇಕು. ಹಿಮೋಗ್ಲೋಬಿನ್ 7.1 ಎಂದು ಬರೆಯುವ ಕಡೆ ಬೆರಳು ಜಾರಿ 11.7 ಎಂದು ಒತ್ತಿದರೆ ಏನಾಗುತ್ತದೆ ಯೋಚಿಸಿ. 7.1 ಇರುವ ತಾಯಿಗೆ ಬೇಗ ಚಿಕಿತ್ಸೆ ಬೇಕು. 11.7 ಎಂದು ಕಂಡರೆ ಯಾರೂ ಆಕೆಯ ಕಡೆ ನೋಡುವುದಿಲ್ಲ. ರಿಜಿಸ್ಟರಿನಲ್ಲೂ ಬರೆದು ಟ್ಯಾಬ್ಲೆಟ್ಟಿನಲ್ಲೂ ತುಂಬಬೇಕಾದಾಗ ಒಂದೇ ಕೆಲಸ ಎರಡು ಸಲ ಆಗುತ್ತದೆ. ಅಷ್ಟು ಹೊತ್ತು ಕಣ್ಣು ಪರದೆಯ ಮೇಲೆ. ಎದುರಿಗೆ ಕೂತ ತಾಯಿಯ ಮೇಲಲ್ಲ. ಇನ್ನೊಬ್ಬರ ಆರೋಗ್ಯದ ವಿವರವನ್ನು ಗುಟ್ಟಾಗಿಡುವುದೂ ದಾದಿಯರ ಕರ್ತವ್ಯ. ಆದ್ದರಿಂದ ಪಾಸ್‌ವರ್ಡನ್ನು ಕಂಡವರಿಗೆಲ್ಲ ಹೇಳುವಂತಿಲ್ಲ.

ಬೆಳಗಾವಿ, ಬಾಗಲಕೋಟೆಯಲ್ಲಿ ನಡೆದ ಪರೀಕ್ಷೆ

ಯಂತ್ರ ಕೊಟ್ಟರೆ ಸಾಕೆ, ಜೀವ ಉಳಿಯುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ರಾಜ್ಯದಲ್ಲಿಯೇ ಒಂದು ದೊಡ್ಡ ಅಧ್ಯಯನ ನಡೆಯಿತು. ಗರ್ಭಿಣಿಯರಲ್ಲಿ ಕೆಲವರಿಗೆ ರಕ್ತದೊತ್ತಡ ಏರುತ್ತದೆ. ಮೊದಲೇ ತಿಳಿದರೆ ಚಿಕಿತ್ಸೆ ಕೊಡಬಹುದು. ತಿಳಿಯದೆ ಹೋದರೆ ಫಿಟ್ಸ್ ಬಂದು ತಾಯಿಗೂ ಮಗುವಿಗೂ ಪ್ರಾಣಾಪಾಯ.

2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಕೆಲವು ಕಡೆ ಆಶಾ ಕಾರ್ಯಕರ್ತೆಯರಿಗೂ ಹಳ್ಳಿಯ ದಾದಿಯರಿಗೂ ಡಿಜಿಟಲ್ ಬಿಪಿ ಯಂತ್ರ ಮತ್ತು ಒಂದು ಆ್ಯಪ್ ಕೊಟ್ಟರು. ಅವರು ಮನೆಗೆ ಹೋಗಿ ಒತ್ತಡ ಅಳೆದು, ಲಕ್ಷಣಗಳನ್ನು ಕೇಳಿ ಆ್ಯಪಿನಲ್ಲಿ ತುಂಬುತ್ತಿದ್ದರು. ಕೂಡಲೇ ಆಸ್ಪತ್ರೆಗೆ ಕಳಿಸಬೇಕೆ ಬೇಡವೆ ಎಂದು ಆ್ಯಪ್ ಸಲಹೆ ಕೊಡುತ್ತಿತ್ತು. ಇನ್ನು ಕೆಲವು ಕಡೆ ಎಂದಿನ ಪದ್ಧತಿಯೇ ಮುಂದುವರಿಯಿತು. ಕೊನೆಗೆ ಎರಡನ್ನೂ ಹೋಲಿಸಿದರು.

ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಆ್ಯಪ್ ಕೊಟ್ಟ ಕಡೆ ಸಾವು ಮತ್ತು ತೊಂದರೆಗಳು ಕಡಿಮೆಯಾಗಿರಲಿಲ್ಲ! ಇಂಥದೇ ಅಧ್ಯಯನ ಪಾಕಿಸ್ತಾನ ಮತ್ತು ಮೊಜಾಂಬಿಕ್ ದೇಶಗಳಲ್ಲೂ ನಡೆದಿತ್ತು. ಮೂರೂ ದೇಶಗಳ ಲೆಕ್ಕವನ್ನು ಸೇರಿಸಿ ನೋಡಿದಾಗ ಇನ್ನೊಂದು ಸಂಗತಿ ಕಾಣಿಸಿತು. ಎಂಟು ಅಥವಾ ಹೆಚ್ಚು ಸಲ ಭೇಟಿ ಪಡೆದ ತಾಯಂದಿರಲ್ಲಿ ಮಗುವನ್ನು ಕಳೆದುಕೊಂಡವರು ಕಡಿಮೆ ಇದ್ದರು. ಭೇಟಿಯೊಂದೇ ಇದಕ್ಕೆ ಕಾರಣ ಎಂದು ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೆ ಚೀಲದಲ್ಲಿ ಯಂತ್ರ ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದಂತೂ ತಿಳಿಯುತ್ತದೆ. ಮತ್ತೆ ಮತ್ತೆ ಮನೆಗೆ ಹೋಗುವ ಕಾಲುಗಳು ಬೇಕು. ಅಪಾಯ ಕಂಡಾಗ ಕರೆದೊಯ್ಯಲು ವಾಹನ ಬೇಕು. ಆಸ್ಪತ್ರೆಯಲ್ಲಿ ಔಷಧಿ, ವೈದ್ಯರು ಬೇಕು.

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲೂ 2016–17ರಲ್ಲಿ ಒಂದು ಸರಳ ಬಿಪಿ ಯಂತ್ರದ ಪರೀಕ್ಷೆ ನಡೆಯಿತು. ಅದರಲ್ಲಿ ಅಂಕಿಯ ಜೊತೆಗೆ ರಸ್ತೆಯ ಸಿಗ್ನಲಿನಂತೆ ಹಸಿರು, ಹಳದಿ, ಕೆಂಪು ದೀಪಗಳಿದ್ದವು. ಕೆಂಪು ಹೊತ್ತಿದರೆ ತಡ ಮಾಡುವಂತಿಲ್ಲ.

ದೂರದ ವೈದ್ಯರು, ಹತ್ತಿರದ ಕೈ

2019ರಲ್ಲಿ ಇ-ಸಂಜೀವಿನಿ ಎಂಬ ವ್ಯವಸ್ಥೆ ಬಂತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿರುವ ಸಮುದಾಯ ಆರೋಗ್ಯಾಧಿಕಾರಿ ವಿಡಿಯೊ ಕರೆ ಮಾಡಿ ದೂರದ ವೈದ್ಯರ ಸಲಹೆ ಪಡೆಯಬಹುದು. ಈ ಅಧಿಕಾರಿಗಳಲ್ಲಿ ಅನೇಕರು ನರ್ಸಿಂಗ್ ಓದಿದವರು. ವೈದ್ಯರು ಪರದೆಯಲ್ಲಿ ಮುಖ ನೋಡಬಲ್ಲರು, ಮಾತು ಕೇಳಬಲ್ಲರು. ಆದರೆ ಹೊಟ್ಟೆ ಒತ್ತಿ ನೋಡಲಾರರು, ಮೈ ಬಿಸಿ ಮುಟ್ಟಿ ನೋಡಲಾರರು. ಆ ಕೈ, ಆ ಕಣ್ಣು ದಾದಿಯದೇ. ಅವರು ಸರಿಯಾಗಿ ನೋಡಿ ಹೇಳಿದರೆ ಮಾತ್ರ ದೂರದ ವೈದ್ಯರ ಸಲಹೆ ಸರಿಯಾಗುತ್ತದೆ.

ಮತ್ತೆ ಅಜ್ಜಿಯ ಬಳಿಗೆ

ಅಂಕಿ 96 ಬಂತಲ್ಲ, ಇನ್ನು ಮನೆಗೆ ಹೋಗಿ ಎಂದು ಸಿಸ್ಟರ್ ಹೇಳಿದರೆ? ಇಲ್ಲ. ಅಜ್ಜಿಯ ಕೆಮ್ಮು ಇನ್ನೂ ಇದೆಯಲ್ಲ! ಜ್ವರ ನೋಡಿದರು, ಬಿಪಿ ನೋಡಿದರು, ವೈದ್ಯರ ಬಳಿ ಕಳಿಸಿದರು. ಹೊರಡುವಾಗ, “ಕೆಲಸದಾಗ ಮೂಗು ಬಾಯಿಗೆ ಬಟ್ಟಿ ಕಟ್ಟಿಕೊಳ್ರಿ ಅಜ್ಜಿ. ಉಸಿರು ಹತ್ತಿದಂಗ ಆತಂದ್ರ ಹಗಲಿರಲಿ ರಾತ್ರಿಯಿರಲಿ ಬಂದುಬಿಡ್ರಿ” ಎಂದರು.

ಒಂದು ವೇಳೆ ಸಿಸ್ಟರ್ ಮೊದಲ ಅಂಕಿಯನ್ನೇ ನಂಬಿದ್ದರೆ ಅಜ್ಜಿಯನ್ನು ಸುಮ್ಮನೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕಾಗುತ್ತಿತ್ತು. ಹಾಗೆಂದು ‘ಯಂತ್ರ ಯಾವಾಗಲೂ ತಪ್ಪು’ ಎಂದು ಅಂಕಿಯನ್ನು ಕಡೆಗಣಿಸುವ ರೂಢಿ ಇದ್ದಿದ್ದರೆ, ಇನ್ನೊಂದು ದಿನ ನಿಜವಾಗಿ 84 ಇರುವ ರೋಗಿಯ ಪ್ರಾಣಕ್ಕೇ ಸಂಚಕಾರ. ಮತ್ತೆ ಅಳೆದಾಗಲೂ 84 ಬಂದಿದ್ದರೆ ಸಿಸ್ಟರ್ ಒಂದು ಕ್ಷಣವೂ ತಡಮಾಡದೆ ಆಮ್ಲಜನಕ ಕೊಡಿಸಲು ವೈದ್ಯರನ್ನು ಕರೆಯುತ್ತಿದ್ದರು. ಅಂಕಿ ಬೇಕು. ಆ ಅಂಕಿ ಎಲ್ಲಿಂದ ಬಂತು ಎಂದು ಅರಿತವರೂ ಬೇಕು.

ಮುಂದಿನ ಸಲ ನೀವು ದವಾಖಾನೆಗೆ ಹೋದಾಗ ಸಿಸ್ಟರ್ ಏನೇನು ಮಾಡುತ್ತಾರೆ ಎಂದು ಗಮನಿಸಿ. ಯಂತ್ರ ನೋಡಿದ ಮೇಲೆ ಅವರು ನಿಮ್ಮ ಮುಖವನ್ನೂ ನೋಡುತ್ತಾರೆ.

ಮಾಡಿ ನೋಡಿ

1. ಕತ್ತಲೆ ಕೋಣೆಯಲ್ಲಿ ಟಾರ್ಚಿನ ಗಾಜಿನ ಮೇಲೆ ಬೆರಳಿಟ್ಟು ನೋಡಿ. ಬೆಳಕು ಬಿಳಿ ಇದ್ದರೂ ಬೆರಳು ಯಾವ ಬಣ್ಣದಲ್ಲಿ ಹೊಳೆಯುತ್ತದೆ? ಉಳಿದ ಬಣ್ಣಗಳು ಎಲ್ಲಿ ಹೋದವು?

2. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಿಮ್ಮ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಗೆಳೆಯರೂ ನಿಮ್ಮ ನಾಡಿಯನ್ನೇ ಎಣಿಸಲಿ. ಅಂಕಿಗಳು ಒಂದೇ ಬಂದವೆ? ಬೇರೆ ಬಂದರೆ ಏಕೆ?

3. ಮೈದಾನದಲ್ಲಿ ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಎಷ್ಟು ನಿಮಿಷಗಳಲ್ಲಿ ನಾಡಿ ಮೊದಲಿನ ಅಂಕಿಗೆ ಮರಳುತ್ತದೆ? ಪ್ರತಿ ನಿಮಿಷದ ಅಂಕಿಯನ್ನು ನಕ್ಷೆಕಾಗದದ ಮೇಲೆ ಗುರುತಿಸಿ.

ಯೋಚಿಸಿ ಉತ್ತರಿಸಿ

1. ಚಳಿಗಾಲದ ಬೆಳಿಗ್ಗೆ ಪಲ್ಸ್ ಆಕ್ಸಿಮೀಟರಿನ ಅಂಕಿ ತಪ್ಪಾಗುವ ಸಾಧ್ಯತೆ ಏಕೆ ಹೆಚ್ಚು?

2. ಬೇಗ ಬೇಗ ನಡೆದು ಬಂದವರ ಬಿಪಿಯನ್ನು ಕೂಡಲೇ ಏಕೆ ನೋಡಬಾರದು?

3. ನಿಮ್ಮ ತರಗತಿಯ ಎಲ್ಲರ ಎತ್ತರ ಅಳೆದು ಬರೆಯುವ ಕೆಲಸ ನಿಮಗೆ ಬಂದರೆ, ತಪ್ಪಾಗದಂತೆ ಯಾವ ಯಾವ ಎಚ್ಚರ ವಹಿಸುತ್ತೀರಿ?